ಉಪ್ಪುನೀರಿನ ತೊಟ್ಟಿಗೆ ಮೀನಿನ ಹಿಂಡು ತರುವ ಮುನ್ನ

ಬಂಗುಡೆ, ಬೂತಾಯಿ ಅಂದರೆ ಕರಾವಳಿಯ ಸೋದರಿಯರಿಗೆ ಮೊದಲು ಒಲೆಯ ಮೇಲಿನ ಮಣ್ಣಿನ ಗಡಿಗೆ ನೆನಪಾದೀತು. ಆದರೆ ಈ ಮೀನುಗಳು ಕಡಲಲ್ಲಿ ಒಂಟಿಯಾಗಿ ಬದುಕುವಂಥವಲ್ಲ, ಸಾವಿರಗಟ್ಟಲೆ ಸೇರಿ ಹಿಂಡಾಗಿಯೇ ತಿರುಗುವಂಥವು. ಹಿಂದೆ ನಮ್ಮ ಕರಾವಳಿಯಲ್ಲಿ ರಾಂಪಣಿ ಬಲೆ ಅಂತ ಇತ್ತು. ಊರಿನ ಜನ ದಡದಲ್ಲಿ ಸಾಲಾಗಿ ನಿಂತು ಎಳೆಯುತ್ತಿದ್ದ ದೊಡ್ಡ ಬಲೆ ಅದು. ಮೀನು ಹಿಂಡುಗಟ್ಟಿ ದಡದ ಹತ್ತಿರಕ್ಕೆ ಬರುತ್ತದೆ ಎನ್ನುವ ನಂಬಿಕೆಯ ಮೇಲೇ ಆ ಕಸುಬು ನಡೆಯುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದು ಹಿಂಡನ್ನು ಕಡಲಲ್ಲೇ ಸುತ್ತುಹಾಕತೊಡಗಿದ ಮೇಲೆ ರಾಂಪಣಿ ಹಿಂದೆ ಸರಿಯಿತು.

ಹಿಂಡಿನ ಸೊಗಸೇ ಸೊಗಸು. ಒಂದು ತಿರುಗಿದರೆ ಎಲ್ಲವೂ ತಿರುಗುತ್ತವೆ, ಒಂದು ಬೆದರಿದರೆ ಎಲ್ಲವೂ ಸರ್ರನೆ ಸರಿಯುತ್ತವೆ. ಮೀನಿನ ಮೈಯ ಪಕ್ಕದಲ್ಲಿ, ಕಿವಿರಿನ ಹಿಂದಿನಿಂದ ಬಾಲದ ಕಡೆಗೆ ಒಂದು ಗೆರೆ ಇರುತ್ತದೆ. ಪಕ್ಕದ ಮೀನು ಅಲುಗಿದಾಗ ನೀರಿನಲ್ಲಿ ಆಗುವ ಸಣ್ಣ ತಳ್ಳಾಟವನ್ನು ಅದು ಈ ಗೆರೆಯಿಂದ ಅರಿಯುತ್ತದೆ. ಕಣ್ಣಂತೂ ಇದ್ದೇ ಇದೆ. ಈ ಸೊಗಸನ್ನು ಹಜಾರದಲ್ಲೇ ಕೂತು ನೋಡುವ ಆಸೆಯಿಂದ ನಮ್ಮ ಬನಶಂಕರಿ, ಜಯನಗರ, ಜೆ.ಪಿ. ನಗರಗಳ ಕೆಲವು ಮನೆಗಳಲ್ಲಿ ಈಗ ಗೋಲ್ಡ್ ಫಿಷ್ ತೊಟ್ಟಿಯ ಜಾಗಕ್ಕೆ ಉಪ್ಪುನೀರಿನ ತೊಟ್ಟಿ ಬಂದು ಕೂತಿದೆ. ಕಡಲು ಇಲ್ಲಿಂದ 350 ಕಿಲೋಮೀಟರ್ ದೂರ!

ಜೆ.ಪಿ. ನಗರದಲ್ಲಿರುವ ನನ್ನ ಪರಿಚಯದವರೊಬ್ಬರು ಗೃಹಪ್ರವೇಶಕ್ಕೆ ಅಂದವಾಗಿರಲಿ ಅಂತ ಹೊಸ ತೊಟ್ಟಿ ಕೂರಿಸಿ, ನಾಲ್ಕೇ ದಿನಕ್ಕೆ ಏಳು ಹಸಿರು ಮೀನು ಬಿಟ್ಟರು. ಬಂದವರೆಲ್ಲ ಮೆಚ್ಚಿದರು. ಹದಿನೈದು ದಿನಕ್ಕೆ ಐದಾದವು, ತಿಂಗಳಿಗೆ ಮೂರಾದವು, ಎರಡು ತಿಂಗಳಾಗುವ ಹೊತ್ತಿಗೆ ಒಂದೇ ಒಂದು ಮೂಲೆಯಲ್ಲಿ ನಿಂತಿತ್ತು. ಮಾರಿದವರು, "ಅದು ಹಾಗೇನೇ ಅಮ್ಮಾ, ಇನ್ನೊಂದು ನಾಲ್ಕು ತಗೊಂಡು ಹೋಗಿ ಬಿಡಿ" ಅಂದರಂತೆ. ಹಾಗೇನೂ ಅಲ್ಲ. ಹಿಂಡು ಬಾಳುತ್ತದೋ ಇಲ್ಲವೋ ಎನ್ನುವುದು ಮುಕ್ಕಾಲು ಪಾಲು ಅದು ನಿಮ್ಮ ತೊಟ್ಟಿಗೆ ಇಳಿಯುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಅದನ್ನು ನೋಡಿಕೊಳ್ಳುವುದಕ್ಕೆ ವಿಜ್ಞಾನದ ಪದವಿ ಬೇಡ. ಹಾಲಿಗೆ ಹೆಪ್ಪು ಹಾಕಿ ಗೊತ್ತಿದ್ದರೆ, ಪಂಕ್ತಿಯಲ್ಲಿ ಯಾರು ಉಣ್ಣದೆ ಎದ್ದರು ಅಂತ ಗಮನಿಸುವ ಕಣ್ಣಿದ್ದರೆ ಸಾಕು. ನಮಗೆ ಅವೆರಡೂ ಗೊತ್ತಲ್ಲ!

ಮೊದಲು ನೀರು ಹದವಾಗಲಿ

ಹಿಂಡಿಗೆ ಈಜಾಡಲು ಉದ್ದ ಬೇಕು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯಲ್ಲಿ ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ನೀರೊಂದೇ 250 ಕಿಲೋ ತೂಗುತ್ತದೆ, ಗಾಜು, ಸ್ಟ್ಯಾಂಡು ಬೇರೆ. ಬಿ.ಟಿ.ಎಂ. ಲೇಔಟಿನ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿದ್ದರೆ ಮನೆಯ ಮಾಲೀಕರನ್ನು ಒಂದು ಮಾತು ಕೇಳಿ, ಗೋಡೆಗೆ ಒತ್ತಿ ಇಡಿ.

ಉಪ್ಪಿನ ವಿಷಯಕ್ಕೆ ಬರೋಣ. ಅಡುಗೆಮನೆಯ ಪುಡಿ ಉಪ್ಪು ನಡೆಯುವುದಿಲ್ಲ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಕಡಲ ನೀರಿನಿಂದಲೇ ತೆಗೆದ ಕಲ್ಲುಪ್ಪು ಆದೀತೇ ಅಂತ ನಮ್ಮ ಅತ್ತೆಯವರು ಕೇಳಿದ್ದರು. ಅದೂ ಆಗದು. ಗದ್ದೆಯಲ್ಲಿ ಉಪ್ಪು ಹರಳುಗಟ್ಟುವಾಗ ಮೆಗ್ನೀಷಿಯಂ, ಪೊಟ್ಯಾಷಿಯಂ ಮುಂತಾದವು ಬಹುಪಾಲು ಕಹಿನೀರಿನಲ್ಲೇ ಉಳಿದುಹೋಗುತ್ತವೆ. ಕಡಲ ಮೀನಿಗೆ ಅವೆಲ್ಲ ಬೇಕು. ಅದಕ್ಕೇ ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಉಪ್ಪನ್ನು ಕೊಳ್ಳಬೇಕು. ಲೀಟರಿಗೆ ಸುಮಾರು 35 ಗ್ರಾಂ ಲೆಕ್ಕ. 250 ಲೀಟರಿಗೆ ಎಂಟೂಮುಕ್ಕಾಲು ಕಿಲೋ. ಮುಂದೆ ವಾರಕ್ಕೊಮ್ಮೆ ಹತ್ತರಲ್ಲೊಂದು ಪಾಲು ನೀರು ಬದಲಿಸುವಾಗ ಪ್ರತಿ ಸಲ 875 ಗ್ರಾಂ ಹತ್ತಿರ ಬೇಕು. ಮೀನಿನ ಬೆಲೆಗಿಂತ ಈ ಖರ್ಚನ್ನು ಮೊದಲು ಲೆಕ್ಕ ಹಾಕಿ ಮನೆಯವರಿಗೆ ತೋರಿಸಿಬಿಡಿ. ಆಮೇಲೆ ಮಾತು ಬರುವುದು ತಪ್ಪುತ್ತದೆ. ನೀರಿನ ಸಾಂದ್ರತೆ ಅಳೆಯುವ ಮಾಪಕದಲ್ಲಿ 1.025 ಅಂತ ತೋರಿಸಿದರೆ ಸರಿ.

ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೋರ್‌ವೆಲ್ ನೀರು ಗಡುಸು. ಕುಡಿಯುವ ನೀರಿನ ಆರ್.ಓ. ಯಂತ್ರದ ನೀರೇ ಒಳ್ಳೆಯದು. ಯಂತ್ರ ಹೊರಹಾಕುವ ನೀರನ್ನು ನೆಲ ಒರೆಸಲು ಹಿಡಿದಿಟ್ಟುಕೊಳ್ಳಿ. ತೊಟ್ಟಿಯಿಂದ ತೆಗೆದ ಹಳೆಯ ಉಪ್ಪುನೀರನ್ನು ಮಾತ್ರ ತುಳಸಿಗಾಗಲಿ ಕರಿಬೇವಿಗಾಗಲಿ ಹಾಕಬೇಡಿ, ಗಿಡ ಹೋಗುತ್ತದೆ. ಕರಾವಳಿಯ ಓದುಗರು "ನಮಗೆ ಕಡಲೇ ಬಾಗಿಲಲ್ಲಿದೆ, ಕೊಡ ತುಂಬಿ ತಂದರಾಯಿತು" ಅಂದುಕೊಳ್ಳಬಹುದು. ದಡದ ನೀರಿನಲ್ಲಿ ಊರ ಕೊಳೆ, ಬೋಟಿನ ಎಣ್ಣೆ ಎಲ್ಲ ಸೇರಿರುತ್ತದೆ. ಮಳೆಗಾಲದಲ್ಲಿ ಹೊಳೆಗಳು ಬಂದು ಸೇರಿ ಉಪ್ಪಿನಂಶವೂ ಇಳಿದುಬಿಡುತ್ತದೆ. ನಾನಾದರೆ ತರಲಾರೆ.

ದಿನವೂ ಆವಿಯಾಗಿ ನೀರು ಇಳಿಯುತ್ತದೆ. ಆಗ ಸಿಹಿನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ. ಸಾರು ಕುದಿದು ಇಂಗಿದರೆ ಉಪ್ಪು ಜಾಸ್ತಿಯಾಗುತ್ತದೆ, ಆಗ ನಾವು ನೀರು ಹಾಕುತ್ತೇವೆಯೇ ಹೊರತು ಮತ್ತೆ ಉಪ್ಪು ಹಾಕುತ್ತೇವೆಯೇ?

ಇನ್ನು ಕಾಯುವ ಕೆಲಸ. ಮೀನು ಹಾಕುವ ಅಮೋನಿಯಾ ಅದಕ್ಕೇ ವಿಷ. ಒಂದು ಬಗೆಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ, ಇದು ಅಷ್ಟು ಅಪಾಯವಲ್ಲ. ಹೊಸ ತೊಟ್ಟಿಯಲ್ಲಿ ಈ ಜೀವಿಗಳು ಇರುವುದಿಲ್ಲ. ಅವು ಫಿಲ್ಟರಿನ ಸ್ಪಂಜಿನ ಮೇಲೆ, ಕಲ್ಲಿನ ಮೇಲೆ ನೆಲೆಸಿ ಹೆಚ್ಚಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಪಂಪು, ಫಿಲ್ಟರ್ ಓಡಿಸುತ್ತಾ, ಮೀನೇ ಇಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಹೋಗಿ, ಅದು ಕೊಳೆತು ಅಮೋನಿಯಾ ಏಳಲಿ. ರೋಗವಿಲ್ಲದ ಹಳೆಯ ತೊಟ್ಟಿ ಗೆಳತಿಯ ಮನೆಯಲ್ಲಿದ್ದರೆ ಅದರ ಸ್ಪಂಜಿನ ಒಂದು ತುಂಡು ತಂದು ಹಾಕಿ. ಮೊಸರಿಗೆ ಹೆಪ್ಪು ಇದ್ದ ಹಾಗೆ. ಪರೀಕ್ಷೆಯ ಕಿಟ್ಟಿನಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಅಂತ ಒಂದು ವಾರ ಬಿಡದೆ ತೋರಿಸಿದರೆ ಹೆಪ್ಪು ಕೂತಿತು ಅಂತ ಅರ್ಥ. ಉಪ್ಪುನೀರು ಸ್ವಲ್ಪ ಕ್ಷಾರದ ಕಡೆಗಿರುವುದರಿಂದ ಇಲ್ಲಿ ಅಮೋನಿಯಾದ ವಿಷ ಸಿಹಿನೀರಿಗಿಂತ ಜೋರು. ಗಪ್ಪಿ ಸಾಕಿದ ಧೈರ್ಯ ಇಲ್ಲಿ ಸಾಲದು. ಜೆ.ಪಿ. ನಗರದವರ ಮೀನುಗಳಿಗೆ ಮೊದಲ ಪೆಟ್ಟು ಬಿದ್ದದ್ದು ಇಲ್ಲಿಯೇ.

ಅಲಂಕಾರಕ್ಕೆ ಅಂತ ಹವಳ, ಹವಳದ ಕಲ್ಲು ಕೊಡುತ್ತೇವೆ ಅಂತ ಯಾರಾದರೂ ಗುಟ್ಟಾಗಿ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ದಿಬ್ಬ ಕಟ್ಟುವ ಹವಳಗಳಿಗೂ ಸಮುದ್ರಕುದುರೆಗೂ 2001ರಿಂದ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ. ಮುರುಡೇಶ್ವರದಾಚೆಯ ನೇತ್ರಾಣಿಯ ಸುತ್ತ ಇರುವ ಹವಳ ಅಲ್ಲೇ ಚೆನ್ನ. ತೊಟ್ಟಿಗೆ ಪಿಂಗಾಣಿ ಕಲ್ಲುಗಳು ಸಿಗುತ್ತವೆ, ಸೂಕ್ಷ್ಮಜೀವಿಗಳಿಗೆ ಅವು ಒಳ್ಳೆಯ ಮನೆ.

ಯಾವ ಮೀನು?

ಹೊಸಬರಿಗೆ ಹೇಳುವುದಾದರೆ ಎರಡೇ. ಒಂದು ಗ್ರೀನ್ ಕ್ರೋಮಿಸ್. ಎಳೆ ಬಾಳೆಲೆಗೆ ಬಿಸಿಲು ಬಿದ್ದ ಹಾಗಿನ ಹಸಿರು, ಬೆಳೆದರೆ ಮೂರಂಗುಲ, ಹಗಲೆಲ್ಲ ನಡುನೀರಿನಲ್ಲಿ ಓಡಾಡುತ್ತದೆ. ಇನ್ನೊಂದು ಪೈಜಾಮ ಕಾರ್ಡಿನಲ್. ಕೆಂಪು ಕಣ್ಣು, ಹಿಂಭಾಗಕ್ಕೆ ಚುಕ್ಕೆ ಪೈಜಾಮ ತೊಟ್ಟಂತಿರುತ್ತದೆ. ಇದು ನಿಧಾನದ ಸ್ವಭಾವದ್ದು, ಸಂಜೆಯ ಮೇಲೆ ಚುರುಕು. ಜಗಳ ಕಡಿಮೆ. ನನ್ನನ್ನು ಕೇಳಿದರೆ ಮೊದಲ ಹಿಂಡಿಗೆ ಪೈಜಾಮವೇ ವಾಸಿ, ಆದರೆ ಮಕ್ಕಳ ಕಣ್ಣು ಹಸಿರಿನ ಮೇಲೇ ಬೀಳುತ್ತದೆ.

ಇಂಡೋನೇಷ್ಯಾದ ಬಂಗ್ಗಾಯ್ ಕಾರ್ಡಿನಲ್ ತುಂಬ ಚೆಲುವು. ಅದರಲ್ಲಿ ಮೊಟ್ಟೆಯನ್ನೂ ಮರಿಗಳನ್ನೂ ಬಾಯಲ್ಲಿಟ್ಟುಕೊಂಡು ಕಾಯುವವನು ತಂದೆ, ಆ ದಿನಗಳಲ್ಲಿ ಉಪವಾಸವೇ! ಆದರೆ ಮರಿಯಾಗಿದ್ದಾಗ ಹಿಂಡಾಗಿದ್ದವು ದೊಡ್ಡವಾದ ಮೇಲೆ ಜೋಡಿ ಕಟ್ಟಿ ಉಳಿದವನ್ನು ಓಡಿಸುತ್ತವೆ. ಆಂಥಿಯಾಸ್ ಎನ್ನುವ ಕಿತ್ತಳೆ ಮೀನಿಗೆ ದಿನಕ್ಕೆ ಮೂರು ನಾಲ್ಕು ಸಲ ತಿನಿಸಬೇಕು, ಹೊಸಬರಿಗೆ ಬೇಡ. 2003ರ 'ಫೈಂಡಿಂಗ್ ನೀಮೋ' ಚಿತ್ರದಿಂದ ಎಲ್ಲ ಮಕ್ಕಳಿಗೂ ಗೊತ್ತಾದ ಕ್ಲೌನ್ ಮೀನು ಜೋಡಿಯಾಗಿ ಸಾಕುವಂಥದ್ದು, ಹಿಂಡಿಗಲ್ಲ. ಆದರೂ ಅದರದ್ದೊಂದು ಒಳ್ಳೆಯ ಸಂಗತಿಯಿದೆ. ಮಂಗಳೂರು, ಕಾರವಾರಗಳಲ್ಲೂ ಕೇಂದ್ರಗಳಿರುವ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಮೀನನ್ನೂ ಹಲವು ಬಗೆಯ ಡ್ಯಾಮ್ಸೆಲ್ ಮೀನುಗಳನ್ನೂ ತೊಟ್ಟಿಯಲ್ಲೇ ಮರಿ ಮಾಡಿಸಿ ಬೆಳೆಸುವ ಕ್ರಮವನ್ನು ರೂಪಿಸಿದ್ದಾರೆ. ಹಸಿರು ಕ್ರೋಮಿಸ್ ಕೂಡ ಡ್ಯಾಮ್ಸೆಲ್ ಕುಲದ್ದೇ, ಆದರೆ ಅಂಗಡಿಗೆ ಬರುವುದು ಹೆಚ್ಚಾಗಿ ಕಡಲಲ್ಲಿ ಹಿಡಿದದ್ದು. ತೊಟ್ಟಿಯಲ್ಲಿ ಹುಟ್ಟಿದ್ದು ಸಿಕ್ಕರೆ ನಾಲ್ಕು ಕಾಸು ಹೆಚ್ಚಾದರೂ ಅದನ್ನೇ ಕೇಳಿ.

ಅಂಗಡಿಯಲ್ಲಿ ನಿಂತು ನೋಡಿ

ಬೆಂಗಳೂರಿಗೆ ಬರುವ ಪ್ರತಿ ಕಡಲ ಮೀನೂ ಪ್ಲಾಸ್ಟಿಕ್ ಚೀಲದಲ್ಲಿ ಮುದುಡಿಕೊಂಡು ಗಂಟೆಗಟ್ಟಲೆ ಪ್ರಯಾಣ ಮಾಡಿ ಬಂದದ್ದು. ಹಾಗಾಗಿ ಬಂದ ದಿನವೇ ಕೊಳ್ಳಬೇಡಿ. "ಯಾವಾಗ ಬಂತು?" ಅಂತ ಕೇಳಿ. ಒಂದು ವಾರ ಅಂಗಡಿಯಲ್ಲೇ ಇರಲಿ, ಬೇಕಾದರೆ ಮುಂಗಡ ಕೊಟ್ಟು ಬನ್ನಿ. ಭಾನುವಾರದ ನೂಕುನುಗ್ಗಲು ಬೇಡ. ವಾರದ ನಡುವೆ ಮಧ್ಯಾಹ್ನ ಹೋದರೆ ಅಂಗಡಿಯವರಿಗೂ ಪುರುಸೊತ್ತಿರುತ್ತದೆ.

ಹೋದವರು ಎಲ್ಲಕ್ಕಿಂತ ಚೆಂದದ ಮೀನನ್ನು ನೋಡುತ್ತಾ ನಿಲ್ಲುತ್ತಾರೆ. ನೀವು ಎಲ್ಲಕ್ಕಿಂತ ಸಪ್ಪಗಿರುವುದನ್ನು ಹುಡುಕಿ. ಆ ತೊಟ್ಟಿಯ ಮೀನುಗಳೆಲ್ಲ ಒಂದೇ ನೀರನ್ನು ಕುಡಿದು ಉಸಿರಾಡುತ್ತಿವೆ. ಎಷ್ಟೋ ಅಂಗಡಿಗಳಲ್ಲಿ ಇಡೀ ಸಾಲಿನ ತೊಟ್ಟಿಗಳಿಗೂ ಒಂದೇ ನೀರು ಸುತ್ತುತ್ತಿರುತ್ತದೆ. ಮೂಲೆಯಲ್ಲಿ ಒಂದು ಮೀನು ಈಜುರೆಕ್ಕೆ ಮಡಚಿಕೊಂಡು ನಿಂತಿದೆಯೇ? ಮೇಲ್ಗಡೆ ಬಂದು ಬುಸುಬುಸು ಉಸಿರಾಡುತ್ತಿದೆಯೇ? ಕಲ್ಲಿಗೆ ಮೈ ಉಜ್ಜುತ್ತಿದೆಯೇ? ರವೆ ಉದುರಿಸಿದಂತೆ ಬಿಳಿಚುಕ್ಕೆ ಇದೆಯೇ? ಹಸಿರು ಕ್ರೋಮಿಸ್‌ನಲ್ಲಿ ಮುಖ್ಯವಾಗಿ ಮೈಪಕ್ಕದಲ್ಲಿ ಕೆಂಪು ಗಾಯದ ಹಾಗೆ ಕಾಣುತ್ತದೆಯೇ ನೋಡಿ. ಯೂರೊನೀಮಾ ಎನ್ನುವ ಸೂಕ್ಷ್ಮಜೀವಿಯ ಹುಣ್ಣು ಅದು, ಈ ಮೀನನ್ನು ಹೆಚ್ಚಾಗಿ ಕಾಡುತ್ತದೆ, ಒಂದೆರಡು ದಿನದಲ್ಲೇ ಕೊಲ್ಲಬಲ್ಲದು. ಹತ್ತರಲ್ಲಿ ಒಂದಕ್ಕೆ ಅದಿದ್ದರೂ ಮಿಕ್ಕ ಒಂಬತ್ತನ್ನೂ ಬಿಟ್ಟು ಬನ್ನಿ. "ಅದೊಂದನ್ನು ಬಿಟ್ಟು ಬೇರೆ ಕೊಡ್ತೀನಿ" ಅನ್ನುತ್ತಾರೆ. ಬೇಡಿ.

ಆಮೇಲೆ ನಿಮ್ಮೆದುರಿಗೇ ಆಹಾರ ಹಾಕಿಸಿ. ಎಲ್ಲವೂ ಮುಗಿಬೀಳಬೇಕು. ಯಾವುದು ಬರಲಿಲ್ಲ, ಯಾವುದು ಬಾಯಿಗೆ ತೆಗೆದುಕೊಂಡು ಉಗುಳಿತು ಗುರುತಿಟ್ಟುಕೊಳ್ಳಿ. ಮಕ್ಕಳಿಗೆ ಮೈಯಲ್ಲಿ ಹುಷಾರಿಲ್ಲ ಅನ್ನುವುದು ನಮಗೆ ಥರ್ಮಾಮೀಟರಿಗಿಂತ ಮುಂಚೆ ತಟ್ಟೆಯಿಂದ ತಾನೇ ತಿಳಿಯುವುದು? ಹೊಟ್ಟೆ ಒಳಗೆ ಸೆಳೆದುಕೊಂಡಿರಬಾರದು, ತಲೆಯ ಹಿಂದೆ ಬೆನ್ನು ಚೂಪಾಗಿ ಬಡಕಲಾಗಿರಬಾರದು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳ ಕಡೆ ಮೀನನ್ನು ಸಯನೈಡ್ ಚಿಮುಕಿಸಿ ಮಂಕಾಗಿಸಿ ಹಿಡಿಯುವ ಕೆಟ್ಟ ಪದ್ಧತಿ ಬೆಳೆದುಬಂದಿತ್ತು. ಅಂಥ ಮೀನು ನೋಡಲು ಸರಿಯಾಗೇ ಇದ್ದು ವಾರಗಳ ಮೇಲೆ ಸಾಯಬಹುದು. ಒಂದು ವಾರ ಕಾದು, ತಿನ್ನುವುದನ್ನು ನೋಡಿಯೇ ಕೊಳ್ಳಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಎಷ್ಟು ಕೊಳ್ಳಬೇಕು? ನಾಲ್ಕಡಿಯ ತೊಟ್ಟಿಗೆ ಆರು ಸಾಕು. ಬೆಸ ಸಂಖ್ಯೆಯೇ ಇರಬೇಕು ಅಂತ ಕೆಲವರು ಹೇಳುತ್ತಾರೆ. ಉಡುಗೊರೆಯ ದುಡ್ಡಿಗೆ ಒಂದು ರೂಪಾಯಿ ಸೇರಿಸುವ ಶಾಸ್ತ್ರ ಮೀನಿಗಿಲ್ಲ. ಎಲ್ಲವೂ ಒಂದೇ ಅಳತೆಯವಾಗಿರಲಿ, ಒಂದೇ ದಿನ ಬರಲಿ. ಬರುವ ಮುನ್ನ ಅಂಗಡಿಯ ನೀರಿನ ಉಪ್ಪಿನ ಅಳತೆ ಕೇಳಿ ಬರೆದುಕೊಳ್ಳಿ. ಕೆಲವರು ರೋಗ ಹಿಡಿತದಲ್ಲಿರಲಿ ಅಂತ ಉಪ್ಪು ಕಡಿಮೆ ಇಟ್ಟಿರುತ್ತಾರೆ.

ನಾಲ್ಕು ವಾರ ಬೇರೆ ಮನೆ

ತಂದ ಮೀನನ್ನು ನೇರ ದೊಡ್ಡ ತೊಟ್ಟಿಗೆ ಬಿಡಬೇಡಿ. ಅರವತ್ತು ಲೀಟರಿನ ಸಾದಾ ತೊಟ್ಟಿ, ಒಂದು ಏರ್ ಪಂಪು, ದೊಡ್ಡ ತೊಟ್ಟಿಯಲ್ಲಿ ಹೆಪ್ಪು ಕೂತ ಒಂದು ಸ್ಪಂಜ್ ಫಿಲ್ಟರ್, ಅವಿತುಕೊಳ್ಳಲು ಪ್ಲಂಬರ್ ಬಿಟ್ಟುಹೋದ ಎರಡು ಪೈಪಿನ ತುಂಡು, ಇಷ್ಟೇ ಬೇಕಾದದ್ದು. ಇದರ ಉಪ್ಪು ಅಂಗಡಿಯ ಅಳತೆಗೇ ಇರಲಿ, ಆಮೇಲೆ ದಿನಕ್ಕಿಷ್ಟು ಅಂತ ಏರಿಸಿಕೊಂಡು ಬನ್ನಿ. ಚೀಲವನ್ನು ಇಪ್ಪತ್ತು ನಿಮಿಷ ನೀರಿನ ಮೇಲೆ ತೇಲಿಬಿಟ್ಟು, ಮೀನನ್ನು ಮಾತ್ರ ಒಳಗೆ ಬಿಡಿ. ಚೀಲದ ನೀರು ಚರಂಡಿಗೆ. ಚೀಲ ಬಿಚ್ಚಿದ ಮೇಲೆ ತಡಮಾಡಬೇಡಿ. ಒಳಗಿನ ಇಂಗಾಲಾಮ್ಲ ಹೊರಟುಹೋದ ಕೂಡಲೇ ಅಲ್ಲಿ ಸೇರಿದ್ದ ಅಮೋನಿಯಾ ಕಡುವಿಷವಾಗುತ್ತದೆ.

ಇಲ್ಲಿ ನಾಲ್ಕು ವಾರ ಇರಬೇಕು. "ಅಷ್ಟೊಂದು ದಿನವೇ?" ಅಂತ ನಮ್ಮ ಮನೆಯಲ್ಲೂ ಕೇಳಿದರು. ಬಿಳಿಚುಕ್ಕೆ ರೋಗದ ನಡೆ ಕೇಳಿ. ಆ ಪರಾವಲಂಬಿ ಮೀನಿನ ಮೈಮೇಲೆ ಮೂರರಿಂದ ಏಳು ದಿನ ಇದ್ದು ಉದುರಿಬಿಡುತ್ತದೆ. ನೋಡಿದವರು ರೋಗ ವಾಸಿಯಾಯಿತು ಅಂತ ಸಂತೋಷಪಡುತ್ತಾರೆ. ಅದು ತಳದಲ್ಲಿ ಗೂಡು ಕಟ್ಟಿ, ಒಡೆದು, ನೂರಾರು ಮರಿಗಳಾಗಿ ಮತ್ತೆ ಮೀನನ್ನು ಹುಡುಕಿಕೊಂಡು ಬರುತ್ತದೆ. ಗೂಡು ಒಡೆಯಲು ಕೆಲವೊಮ್ಮೆ ನಾಲ್ಕು ವಾರ ಹಿಡಿಯುತ್ತದೆ. ಈ ಪುಟ್ಟ ತೊಟ್ಟಿಯಲ್ಲಿ ಬಂದರೆ ತಾಮ್ರದ ಔಷಧವನ್ನು ತಾಮ್ರ ಅಳೆಯುವ ಕಿಟ್ಟಿನ ಜೊತೆ, ಚೀಟಿಯಲ್ಲಿ ಹೇಳಿದಷ್ಟೇ ಹಾಕಿ ಗುಣಪಡಿಸಬಹುದು. ದೊಡ್ಡ ತೊಟ್ಟಿಯಲ್ಲಿ ಬಂದರೆ ಎಲ್ಲ ಮೀನನ್ನೂ ಹೊರತೆಗೆದು ಅದನ್ನು ಹತ್ತು ಹನ್ನೊಂದು ವಾರ ಖಾಲಿ ಬಿಡಬೇಕು. ಯಾವುದು ಸುಲಭ ನೀವೇ ಹೇಳಿ. ಬೆಳ್ಳುಳ್ಳಿ ರಸ ಹಚ್ಚಿ ತಿನಿಸಿ ಅನ್ನುವವರೂ ಇದ್ದಾರೆ. ಬೆಳ್ಳುಳ್ಳಿ ನಮ್ಮ ಒಗ್ಗರಣೆಗೇ ಇರಲಿ.

ಹಿಂಡಿನ ಒಳಜಗಳ

ಕಡಲಲ್ಲಿ ನೂರಾರು ಕ್ರೋಮಿಸ್ ಒಟ್ಟಿಗಿರುವಾಗ ದೊಡ್ಡದರ ದರ್ಪ ಯಾರಿಗೂ ತಾಗುವುದಿಲ್ಲ. ಆರೇ ಇದ್ದಾಗ ಎಲ್ಲಕ್ಕಿಂತ ಬಲವಾದದ್ದು ಎಲ್ಲಕ್ಕಿಂತ ಚಿಕ್ಕದನ್ನು ಅಟ್ಟುತ್ತದೆ. ಅದು ಕಲ್ಲಿನ ಹಿಂದೆ ಸೇರಿ, ತಿನ್ನಲು ಬಾರದೆ ಸೊರಗಿ ಸಾಯುತ್ತದೆ. ಆಮೇಲೆ ಸರದಿ ಮುಂದಿನದರದ್ದು. ಮನೆಗಳಲ್ಲಿ ಹಿಂಡು ಒಂದೊಂದಾಗಿ ಕರಗುವುದಕ್ಕೆ ಕೆಟ್ಟ ನೀರು, ರೋಗದ ಜೊತೆಗೆ ಇದೂ ಕಾರಣ. ಉಪಾಯ ಬಡಿಸುವವರ ಕೈಯಲ್ಲಿದೆ. ದಿನಕ್ಕೊಂದು ಸಲ ಒಂದೇ ಕಡೆ ಸುರಿಯದೆ, ಎರಡು ಮೂರು ಸಲ ಸ್ವಲ್ಪ ಸ್ವಲ್ಪ, ತೊಟ್ಟಿಯ ಎರಡೂ ತುದಿಗೆ ಏಕಕಾಲಕ್ಕೆ ಹಾಕಿ. ದರ್ಪದವನು ಒಂದು ತುದಿ ಕಾಯುವಷ್ಟರಲ್ಲಿ ಚಿಕ್ಕದು ಇನ್ನೊಂದು ತುದಿಯಲ್ಲಿ ಉಂಡಿರುತ್ತದೆ. ಒಂದು ಸತ್ತರೆ ಒಂದನ್ನೇ ತಂದು ಸೇರಿಸಬೇಡಿ, ಆ ಒಂಟಿ ಸೊಸೆಯ ಪಾಡು ಹೇಳತೀರದು.

ತಿಂಗಳಾದ ಮೇಲೆ ಮೀನುಗಳು ಒಟ್ಟಿಗಿರದೆ ಅಲ್ಲೊಂದು ಇಲ್ಲೊಂದು ಚದುರಿ ಆಡತೊಡಗಿದರೆ ಗಾಬರಿ ಬೇಡ. ಒತ್ತಾಗಿ ಹಿಂಡುಗಟ್ಟುವುದು ಹೆಚ್ಚಾಗಿ ಭಯದಿಂದ. ಚದುರಿದ್ದು ಮನೆ ಒಗ್ಗಿದ ಲಕ್ಷಣ. ಮತ್ತೆ ಗುಂಪಾಗಲಿ ಅಂತ ದೊಡ್ಡ ಮೀನು ತಂದು ಹೆದರಿಸುವವರನ್ನು ಕಂಡಿದ್ದೇನೆ. ಅದು ನನಗೆ ಸರಿಕಾಣದು.

ಆಹಾರದ ಬಗ್ಗೆ ಒಂದು ಮಾತು. ಹೆಪ್ಪುಗಟ್ಟಿಸಿದ ಸಣ್ಣ ಸಿಗಡಿ ಮೀನಿಗೆ ಬಲು ಇಷ್ಟ, ಆದರೆ ಹಾಲು ಮೊಸರಿನ ಫ್ರಿಜ್ಜಿನಲ್ಲಿ ಅದನ್ನಿಡಲು ಎಷ್ಟೋ ಮನೆಗಳಲ್ಲಿ ಒಪ್ಪುವುದಿಲ್ಲ. ಒಣ ಕಾಳಿನ ಆಹಾರಕ್ಕೆ ಅಂಗಡಿಯಲ್ಲೇ ಒಗ್ಗಿದ ಮೀನನ್ನು ಆರಿಸಿಕೊಂಡರೆ ಈ ತಕರಾರೇ ಇಲ್ಲ. ನಮ್ಮಲ್ಲಿ ಹಾಗೇ ನಡೆದಿದೆ.

ನಮ್ಮ ಬೆಂಗಳೂರಿನ ಹವೆ ಈ ಮೀನುಗಳಿಗೆ ಅಷ್ಟೇನೂ ವಿರೋಧವಲ್ಲ. ನೀರು 25ರಿಂದ 27 ಡಿಗ್ರಿ ಇದ್ದರೆ ಚೆನ್ನ. ಮಾಗಿಯ ಚಳಿಗೆ ಹೀಟರ್ ಬೇಕು. ಏಪ್ರಿಲ್‌ನಲ್ಲಿ ಏರಿದರೆ ನೀರಿನ ಮೇಲ್ಮೈಗೆ ಚಿಕ್ಕ ಫ್ಯಾನ್ ತಿರುಗಿಸಿ, ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಹಾಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಬಿಸಿನೀರಿನಲ್ಲಿ, ಉಪ್ಪುನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಅದಕ್ಕೇ ಕರೆಂಟು ಹೋದಾಗ ಮೊದಲು ಬೇಕಾದದ್ದು ಬ್ಯಾಟರಿಯ ಏರ್ ಪಂಪು. ಮೇಣದಬತ್ತಿಯ ಪಕ್ಕದಲ್ಲೇ ಇಟ್ಟಿರಿ.

ಗೌರಿ ಹಬ್ಬಕ್ಕೋ ಮದುವೆಗೋ ಊರಿಗೆ ಹೋಗುವಾಗ ಎರಡು ದಿನ ತಿನ್ನದಿದ್ದರೆ ಆರೋಗ್ಯವಾದ ಮೀನಿಗೆ ಏನೂ ಆಗದು. ಅದಕ್ಕಿಂತ ಹೆಚ್ಚು ದಿನವಾದರೆ ಪಕ್ಕದ ಮನೆಯವರಿಗೆ ಡಬ್ಬಿಯನ್ನೇ ಕೊಡಬೇಡಿ. ಪಾಪ, ಪ್ರೀತಿಯಿಂದ ಹೆಚ್ಚು ಹಾಕಿಬಿಡುತ್ತಾರೆ, ಮಿಕ್ಕದ್ದು ಕೊಳೆತು ನೀರು ಕೆಡುತ್ತದೆ. ಕುಂಕುಮದ ಪೊಟ್ಟಣದ ಹಾಗೆ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ, ಒಂದೊಂದರ ಮೇಲೂ ಸೋಮವಾರ, ಮಂಗಳವಾರ ಅಂತ ಬರೆದು ತೊಟ್ಟಿಯ ಪಕ್ಕದಲ್ಲಿಡಿ. ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಹೊರಡಿ.